ಅಮೆರಿಕದ ಪೌರತ್ವ, ಬೆಂಗಳೂರಿನ ಬದುಕು: ನಿವೃತ್ತಿ ಹಣಕ್ಕೆ ಎರಡು ದೇಶಗಳ ತೆರಿಗೆ

ಅಮೆರಿಕದಲ್ಲಿ ಹದಿನೈದು ಇಪ್ಪತ್ತು ವರ್ಷ ದುಡಿದು, ಅಲ್ಲಿಯ ಪೌರತ್ವವನ್ನೋ ಗ್ರೀನ್ ಕಾರ್ಡನ್ನೋ ಪಡೆದು, ವಯಸ್ಸಾದ ತಂದೆತಾಯಿಗಾಗಿ ಅಥವಾ ಹೊಸ ಕೆಲಸಕ್ಕಾಗಿ ಬೆಂಗಳೂರಿಗೋ ಮೈಸೂರಿಗೋ ಮರಳುವ ಕುಟುಂಬಗಳಲ್ಲಿ ಮೊದಲು ಚರ್ಚೆಗೆ ಬರುವುದು ಮಕ್ಕಳ ಶಾಲೆ, ಮನೆ ಬಾಡಿಗೆ ಮತ್ತು ವಿದೇಶಿ ಪೌರತ್ವವಿರುವ ಭಾರತೀಯ ಮೂಲದವರಿಗೆ ಸಿಗುವ ಒಸಿಐ ಕಾರ್ಡ್. ಅಲ್ಲಿ ಕೂಡಿಟ್ಟ ನಿವೃತ್ತಿ ಹಣಕ್ಕೆ ಭಾರತ ಹೇಗೆ ತೆರಿಗೆ ಹಾಕುತ್ತದೆ, ಇಲ್ಲಿ ಹೊಸದಾಗಿ ಕೂಡಿಡುವ ಹಣವನ್ನು ಅಮೆರಿಕ ಹೇಗೆ ನೋಡುತ್ತದೆ ಎಂಬ ಪ್ರಶ್ನೆ ಏಳುವುದು ಸಾಮಾನ್ಯವಾಗಿ ಮೊದಲ ತೆರಿಗೆ ರಿಟರ್ನ್ ಸಲ್ಲಿಸುವ ಹೊತ್ತಿಗೆ. ಅಷ್ಟರಲ್ಲಿ ಕೆಲವು ಅವಕಾಶಗಳು ಕೈತಪ್ಪಿರುತ್ತವೆ.

ಈಚೆಗೆ ಎರಡೂ ಕಡೆ ನಿಯಮಗಳು ಬದಲಾಗಿವೆ. ಅಮೆರಿಕದಲ್ಲಿ 2025ರ ಜನವರಿಯಲ್ಲಿ ಸೋಷಿಯಲ್ ಸೆಕ್ಯುರಿಟಿ ಎಂಬ ಸರ್ಕಾರಿ ಪಿಂಚಣಿಗೆ ಸಂಬಂಧಿಸಿದ ಒಂದು ಮುಖ್ಯ ಕಡಿತ ರದ್ದಾಯಿತು. ಭಾರತದಲ್ಲಿ 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಬಂದಿದೆ. ಮರಳಲು ಸಿದ್ಧತೆ ನಡೆಸುತ್ತಿರುವವರಿಗೂ ಈಗಾಗಲೇ ಮರಳಿದವರಿಗೂ ಈ ವಿಷಯದ ತಳಹದಿ ತಿಳಿದಿರುವುದು ಅಗತ್ಯ.

ದೇಶ ಬಿಟ್ಟರೂ ಬಿಡದ ತೆರಿಗೆ

ಬಹುತೇಕ ದೇಶಗಳು ವಾಸಸ್ಥಳವನ್ನು ನೋಡಿ ತೆರಿಗೆ ಹಾಕುತ್ತವೆ. ಭಾರತದ ಪ್ರಜೆಯೊಬ್ಬರು ದುಬೈಯಲ್ಲಿ ಕೆಲಸ ಮಾಡುತ್ತ ಅನಿವಾಸಿ ಎನಿಸಿಕೊಂಡರೆ ಅವರ ಅಲ್ಲಿಯ ಸಂಬಳವನ್ನು ಭಾರತ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅಮೆರಿಕದ ಕ್ರಮ ಬೇರೆ. ಅದು ಪೌರತ್ವವನ್ನೇ ಆಧಾರವಾಗಿಟ್ಟುಕೊಂಡು, ತನ್ನ ಪ್ರಜೆ ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಅವರ ಒಟ್ಟು ಆದಾಯದ ಲೆಕ್ಕ ಕೇಳುತ್ತದೆ. ಈ ಪದ್ಧತಿಯ ಬೇರು 1860ರ ದಶಕದ ಅಂತರ್ಯುದ್ಧದ ಕಾಲದ ತೆರಿಗೆ ಕಾನೂನುಗಳಲ್ಲಿದೆ. ಮೆಕ್ಸಿಕೋದಲ್ಲಿ ನೆಲೆಸಿ ಅಲ್ಲಿಯೇ ಆದಾಯ ಗಳಿಸುತ್ತಿದ್ದ ಕುಕ್ ಎಂಬ ಅಮೆರಿಕನ್ ಪ್ರಜೆ ಇದನ್ನು ಪ್ರಶ್ನಿಸಿದಾಗ, 1924ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸರ್ಕಾರದ ಪರವಾಗಿ ತೀರ್ಪಿತ್ತಿತು. ಪೂರ್ವ ಆಫ್ರಿಕಾದ ಎರಿಟ್ರಿಯಾ ಬಿಟ್ಟರೆ ಹೀಗೆ ಪೌರತ್ವದ ಮೇಲೆ ತೆರಿಗೆ ಹಾಕುವ ದೇಶ ಬೇರೆ ಕಾಣುವುದಿಲ್ಲ.

ಗ್ರೀನ್ ಕಾರ್ಡ್ ಇರುವವರಿಗೂ ಇದೇ ನಿಯಮ ಅನ್ವಯಿಸುತ್ತದೆ ಎಂಬುದನ್ನು ಹಲವರು ಗಮನಿಸುವುದಿಲ್ಲ. ಕಾರ್ಡಿನ ಮೇಲೆ ಅಚ್ಚಾಗಿರುವ ಅವಧಿ ಮುಗಿದ ಮಾತ್ರಕ್ಕೆ ತೆರಿಗೆಯ ಹೊಣೆ ಮುಗಿಯುವುದಿಲ್ಲ. ಐ-407 ಎಂಬ ಅರ್ಜಿ ಸಲ್ಲಿಸಿ ಕಾರ್ಡನ್ನು ವಿಧಿವತ್ತಾಗಿ ಮರಳಿಸುವವರೆಗೆ ಅಥವಾ ಸರ್ಕಾರವೇ ಅದನ್ನು ರದ್ದುಪಡಿಸುವವರೆಗೆ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ ಅವರನ್ನು ತನ್ನ ನಿವಾಸಿ ಎಂದೇ ಎಣಿಸುತ್ತದೆ. ಭಾರತ-ಅಮೆರಿಕ ತೆರಿಗೆ ಒಪ್ಪಂದದ ಆಧಾರದಲ್ಲಿ ತಾವು ಭಾರತದ ನಿವಾಸಿ ಎಂದು ಘೋಷಿಸಿಕೊಳ್ಳುವ ದಾರಿ ಗ್ರೀನ್ ಕಾರ್ಡ್ ಹೊಂದಿದವರಿಗೆ ಇದೆಯಾದರೂ, ಹಾಗೆ ಘೋಷಿಸಿಕೊಂಡವರ ಕಾರ್ಡಿನ ಹಕ್ಕಿಗೆ ವಲಸೆ ಇಲಾಖೆಯ ಮುಂದೆ ಧಕ್ಕೆ ಬರಬಹುದು. ಪ್ರಜೆಗಳಿಗೆ ಆ ದಾರಿಯೂ ಇಲ್ಲ.

ಎರಡು ಸಲ ತೆರಿಗೆ ಬೀಳದಂತೆ ಇರುವ ಎರಡು ಉಪಾಯಗಳು

ಒಂದೇ ಸಂಬಳಕ್ಕೆ ಎರಡೂ ದೇಶಗಳು ಪೂರ್ತಿ ತೆರಿಗೆ ಹಾಕಿದರೆ ಬದುಕುವುದೇ ಕಷ್ಟ. ಆದ್ದರಿಂದ ಅಮೆರಿಕದ ಕಾನೂನಿನಲ್ಲಿ ಎರಡು ಪರಿಹಾರಗಳಿವೆ. ಇವುಗಳಲ್ಲಿ ಯಾವುದನ್ನು ಆರಿಸಿಕೊಳ್ಳುತ್ತೇವೆ ಎಂಬುದು ನಿವೃತ್ತಿ ಉಳಿತಾಯದ ಮೇಲೆ ನೇರ ಪರಿಣಾಮ ಬೀರುವುದರಿಂದ ಇಲ್ಲಿ ಸ್ವಲ್ಪ ನಿಧಾನಿಸಬೇಕು.

ಮೊದಲನೆಯದು ವಿದೇಶಿ ದುಡಿಮೆಯ ಆದಾಯಕ್ಕೆ ಕೊಡುವ ವಿನಾಯಿತಿ. ಹನ್ನೆರಡು ತಿಂಗಳ ಯಾವುದೇ ಅವಧಿಯಲ್ಲಿ 330 ಪೂರ್ಣ ದಿನ ಅಮೆರಿಕದ ಹೊರಗಿದ್ದವರು, ಅಥವಾ ಬೇರೆ ದೇಶದಲ್ಲಿ ಇಡೀ ತೆರಿಗೆ ವರ್ಷ ನಿಜವಾಗಿ ನೆಲೆಸಿದವರು, ತಮ್ಮ ಸಂಬಳದ ಒಂದು ದೊಡ್ಡ ಭಾಗವನ್ನು ಅಮೆರಿಕದ ತೆರಿಗೆ ಲೆಕ್ಕದಿಂದ ಹೊರಗಿಡಬಹುದು. 2025ರ ಮಟ್ಟಿಗೆ ಈ ಮಿತಿ 1,30,000 ಡಾಲರ್. ಇದು ದುಡಿದು ಗಳಿಸಿದ ಹಣಕ್ಕೆ ಮಾತ್ರ. ಬಡ್ಡಿ, ಲಾಭಾಂಶ, ಮನೆ ಬಾಡಿಗೆ, ಷೇರು ಮಾರಿದ ಲಾಭ, ಪಿಂಚಣಿ ಇವು ಯಾವುವೂ ಇದರೊಳಗೆ ಬರುವುದಿಲ್ಲ.

ಎರಡನೆಯದು ವಿದೇಶಿ ತೆರಿಗೆಯ ಜಮೆ. ಇಲ್ಲಿ ಆದಾಯವನ್ನು ಮರೆಮಾಡುವ ಪ್ರಶ್ನೆಯಿಲ್ಲ. ಪೂರ್ತಿ ಆದಾಯವನ್ನು ಅಮೆರಿಕದ ರಿಟರ್ನಿನಲ್ಲಿ ತೋರಿಸಿ, ಅದರ ಮೇಲೆ ಬರುವ ತೆರಿಗೆಯಿಂದ ಭಾರತದಲ್ಲಿ ಈಗಾಗಲೇ ಕಟ್ಟಿದ ತೆರಿಗೆಯನ್ನು ಕಳೆಯಲಾಗುತ್ತದೆ. ಭಾರತದಲ್ಲಿ ಹೆಚ್ಚು ಕಟ್ಟಿದ್ದರೆ ಉಳಿದ ಜಮೆಯನ್ನು ಒಂದು ವರ್ಷ ಹಿಂದಕ್ಕೂ ಹತ್ತು ವರ್ಷ ಮುಂದಕ್ಕೂ ಬಳಸಿಕೊಳ್ಳಬಹುದು.

ಬೆಂಗಳೂರಿನಲ್ಲಿ ವರ್ಷಕ್ಕೆ 90,000 ಡಾಲರಿಗೆ ಸಮನಾದ ಸಂಬಳ ಪಡೆಯುವ ಒಬ್ಬ ಎಂಜಿನಿಯರ್ ಮೊದಲ ಉಪಾಯ ಆರಿಸಿಕೊಂಡರೆ ಅವರ ಸಂಬಳದ ಮೇಲೆ ಅಮೆರಿಕದ ತೆರಿಗೆ ಸೊನ್ನೆ. ಎರಡನೆಯದನ್ನು ಆರಿಸಿಕೊಂಡರೂ ಬಹುಮಟ್ಟಿಗೆ ಸೊನ್ನೆಯೇ, ಏಕೆಂದರೆ ಆ ಮಟ್ಟದ ಸಂಬಳಕ್ಕೆ ಭಾರತದ ದರ ಅಮೆರಿಕದ್ದಕ್ಕಿಂತ ಹೆಚ್ಚು. ಎರಡು ದಾರಿಗಳಲ್ಲೂ ಕಟ್ಟುವ ಹಣ ಒಂದೇ ಆದರೂ ನಿವೃತ್ತಿ ಖಾತೆಯ ವಿಷಯಕ್ಕೆ ಬಂದಾಗ ಎರಡರ ಪರಿಣಾಮ ತೀರಾ ಬೇರೆಯಾಗುತ್ತದೆ. ಅಮೆರಿಕದಲ್ಲಿ ವ್ಯಕ್ತಿಯೊಬ್ಬರು ಸ್ವಂತವಾಗಿ ತೆರೆಯುವ ನಿವೃತ್ತಿ ಖಾತೆಯನ್ನು ಐಆರ್‌ಎ ಎನ್ನುತ್ತಾರೆ. ಅದಕ್ಕೆ 2025ರಲ್ಲಿ 7,000 ಡಾಲರ್, 50 ದಾಟಿದವರು 8,000 ಡಾಲರ್ ಹಾಕಬಹುದು. ಆದರೆ ಅಮೆರಿಕದ ಲೆಕ್ಕದಲ್ಲಿ ತೆರಿಗೆಗೆ ಒಳಪಡುವ ದುಡಿಮೆಯ ಆದಾಯ ಇದ್ದರೆ ಮಾತ್ರ. ಸಂಬಳವನ್ನೆಲ್ಲ ವಿನಾಯಿತಿಯಲ್ಲಿ ಹೊರಗಿಟ್ಟವರಿಗೆ ಆ ಆದಾಯವೇ ಇಲ್ಲವೆಂದಾಗುತ್ತದೆ, ಹಾಗಾಗಿ ಅವರು ಐಆರ್‌ಎಗೆ ಒಂದು ಡಾಲರನ್ನೂ ಹಾಕುವಂತಿಲ್ಲ. ತಿಳಿಯದೆ ಹಾಕಿದರೆ, ಆ ಹಣ ಖಾತೆಯಲ್ಲಿ ಇರುವಷ್ಟು ಕಾಲ ಪ್ರತಿ ವರ್ಷ ಶೇಕಡ 6ರಷ್ಟು ದಂಡ ತೆರಿಗೆ ಬೀಳುತ್ತದೆ. ತೆರಿಗೆ ಜಮೆಯ ದಾರಿ ಹಿಡಿದವರಿಗೆ ಈ ತೊಡಕಿಲ್ಲ. ಭಾರತದಂಥ ಹೆಚ್ಚು ದರದ ದೇಶದಲ್ಲಿ ದುಡಿಯುವವರು ಅಭ್ಯಾಸಬಲದಿಂದ ವಿನಾಯಿತಿಯನ್ನೇ ಆರಿಸಿಕೊಳ್ಳುವುದಕ್ಕೆ ಮೊದಲು ಎರಡೂ ಲೆಕ್ಕ ಹಾಕಿ ನೋಡುವುದು ಒಳ್ಳೆಯದು ಎಂದು ನನಗನ್ನಿಸುವುದು ಇದೇ ಕಾರಣಕ್ಕೆ. ಒಮ್ಮೆ ಆರಿಸಿಕೊಂಡ ವಿನಾಯಿತಿಯನ್ನು ಕೈಬಿಟ್ಟರೆ, ಐಆರ್‌ಎಸ್ ಅನುಮತಿ ಇಲ್ಲದೆ ಮುಂದಿನ ಐದು ವರ್ಷ ಅದಕ್ಕೆ ಮರಳಲಾಗುವುದಿಲ್ಲ ಎಂಬುದೂ ನೆನಪಿನಲ್ಲಿರಬೇಕು.

ರಾತ್ ಐಆರ್‌ಎ ಎಂಬುದು ತೆರಿಗೆ ಕಟ್ಟಿದ ಹಣವನ್ನು ಹಾಕಿ, ನಿವೃತ್ತಿಯಲ್ಲಿ ತೆರಿಗೆಯಿಲ್ಲದೆ ತೆಗೆಯುವ ಖಾತೆ. ಇದಕ್ಕೆ ಆದಾಯದ ಮಿತಿಯಿದೆ. ಆ ಮಿತಿಯನ್ನು ಅಳೆಯುವಾಗ ವಿನಾಯಿತಿಯಲ್ಲಿ ಹೊರಗಿಟ್ಟ ಸಂಬಳವನ್ನೂ ಮರಳಿ ಕೂಡಿಸಲಾಗುತ್ತದೆ. ಸಂಗಾತಿ ಅಮೆರಿಕದ ಪ್ರಜೆಯಲ್ಲದ ಕಾರಣ ಇಬ್ಬರೂ ಒಟ್ಟಿಗೆ ಇದ್ದೂ ಪ್ರತ್ಯೇಕ ರಿಟರ್ನ್ ಸಲ್ಲಿಸುವವರಿಗೆ ಈ ಮಿತಿ ಬರೀ 10,000 ಡಾಲರಿಗೆ ಇಳಿಯುತ್ತದೆ, ಅಂದರೆ ರಾತ್ ಖಾತೆಗೆ ಹಣ ಹಾಕುವ ಅವಕಾಶ ಬಹುತೇಕ ಇಲ್ಲವಾಗುತ್ತದೆ. ಇವೆಲ್ಲದರ ಜತೆಗೆ, ಐಆರ್‌ಎಗೆ ಹಾಕಿದ ಹಣಕ್ಕೆ ಭಾರತದಲ್ಲಿ ಯಾವ ಕಡಿತವೂ ಸಿಗುವುದಿಲ್ಲ.

ಅಮೆರಿಕದಲ್ಲಿ ಬಿಟ್ಟುಬಂದ 401(ಕೆ) ಖಾತೆ

ಅಮೆರಿಕದ ಕಂಪನಿಗಳು ನೌಕರರಿಗೆ ತೆರೆದುಕೊಡುವ ನಿವೃತ್ತಿ ಖಾತೆಯೇ 401(ಕೆ). ನಮ್ಮ ಪಿಎಫ್‌ನಂತೆ ಸಂಬಳದಿಂದ ಮುರಿದ ಹಣ ಅದಕ್ಕೆ ಸೇರುತ್ತದೆ. ಆದರೆ ಅದು ಬೆಳೆಯುವುದು ನಿಗದಿತ ಬಡ್ಡಿಯಿಂದಲ್ಲ, ಷೇರು ಮತ್ತು ಬಾಂಡ್ ನಿಧಿಗಳಿಂದ. ಹಾಕುವಾಗ ತೆರಿಗೆಯಿಲ್ಲ, ಬೆಳೆಯುವಾಗ ತೆರಿಗೆಯಿಲ್ಲ, ತೆಗೆಯುವಾಗ ಮಾತ್ರ ತೆರಿಗೆ. ಐವತ್ತೊಂಬತ್ತೂವರೆ ವರ್ಷ ತುಂಬುವ ಮೊದಲು ತೆಗೆದರೆ ಆದಾಯ ತೆರಿಗೆಯ ಮೇಲೆ ಇನ್ನೂ ಶೇಕಡ 10 ಹೆಚ್ಚುವರಿ ಬೀಳುತ್ತದೆ. 55 ತುಂಬಿದ ವರ್ಷದಲ್ಲಿ ಅಥವಾ ಆಮೇಲೆ ಕೆಲಸ ಬಿಟ್ಟವರಿಗೆ, ಆ ಕೊನೆಯ ಕಂಪನಿಯ 401(ಕೆ) ಖಾತೆಯ ಮಟ್ಟಿಗೆ ಈ ಹೆಚ್ಚುವರಿ ಇಲ್ಲ. 73ನೆಯ ವಯಸ್ಸಿನಿಂದ ಪ್ರತಿ ವರ್ಷ ಕನಿಷ್ಠ ಒಂದು ಮೊತ್ತವನ್ನು ತೆಗೆಯಲೇಬೇಕು. 1960ರಲ್ಲಿ ಅಥವಾ ಆಮೇಲೆ ಹುಟ್ಟಿದವರಿಗೆ ಆ ವಯಸ್ಸು 75.

ಭಾರತಕ್ಕೆ ಮರಳುವಾಗ ಈ ಖಾತೆಯನ್ನು ಮುಚ್ಚಲೇಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಅನಿವಾಸಿಯಾಗಿದ್ದಾಗ ಗಳಿಸಿದ ವಿದೇಶಿ ಆಸ್ತಿಯನ್ನು ಮರಳಿದ ಮೇಲೂ ಅಲ್ಲಿಯೇ ಇಟ್ಟುಕೊಳ್ಳಲು ನಮ್ಮ ವಿದೇಶಿ ವಿನಿಮಯ ಕಾಯ್ದೆಯಾದ ಫೆಮಾ ಅವಕಾಶ ಕೊಡುತ್ತದೆ. ತೊಡಕು ಇರುವುದು ತೆರಿಗೆಯ ಕಾಲದಲ್ಲಿ.

ಭಾರತದ ಪೂರ್ಣ ನಿವಾಸಿಯಾದವರ ಜಗತ್ತಿನ ಎಲ್ಲ ಆದಾಯಕ್ಕೂ ಭಾರತದಲ್ಲಿ ತೆರಿಗೆಯಿದೆ, ಅದೂ ಆದಾಯ ಹುಟ್ಟಿದ ವರ್ಷದಲ್ಲೇ. ಹಾಗಾದರೆ 401(ಕೆ) ಖಾತೆಯೊಳಗೆ ಬರುವ ಲಾಭಾಂಶ, ಒಂದು ನಿಧಿ ಮಾರಿ ಇನ್ನೊಂದು ಕೊಂಡಾಗ ಬರುವ ಲಾಭ ಇವುಗಳಿಗೆ ಭಾರತ ಪ್ರತಿ ವರ್ಷ ತೆರಿಗೆ ಕೇಳಬಹುದು. ಅಮೆರಿಕ ಕೇಳುವುದು ಇಪ್ಪತ್ತು ವರ್ಷ ಕಳೆದು ಹಣ ತೆಗೆದಾಗ. ಒಂದೇ ಅಡಿಕೆ ತೋಟಕ್ಕೆ ಇಬ್ಬರು ಒಡೆಯರಿದ್ದು, ಒಬ್ಬರು ಮರ ಬೆಳೆದಷ್ಟಕ್ಕೂ ವರ್ಷವರ್ಷ ಗೇಣಿ ಕೇಳಿ, ಇನ್ನೊಬ್ಬರು ಕೊನೆ ಕೊಯ್ದ ದಿನ ಒಟ್ಟಿಗೆ ಗೇಣಿ ಕೇಳಿದ ಹಾಗೆ ಇದು. ಇಬ್ಬರ ಲೆಕ್ಕವೂ ಬೇರೆ ಬೇರೆ ವರ್ಷದ ಪುಸ್ತಕದಲ್ಲಿರುವುದರಿಂದ ಒಬ್ಬರಿಗೆ ಕೊಟ್ಟದ್ದನ್ನು ಇನ್ನೊಬ್ಬರ ಲೆಕ್ಕದಲ್ಲಿ ಕಳೆಯಲು ಆಗುವುದಿಲ್ಲ.

ಮರಳಿ ಬಂದವರು ಬಹುಕಾಲ ಅನುಭವಿಸಿದ ಈ ತೊಂದರೆಗೆ ಭಾರತ 2021ರ ಹಣಕಾಸು ಕಾಯ್ದೆಯಲ್ಲಿ ಪರಿಹಾರ ಕೊಟ್ಟಿತು. ಹೀಗೆ ಸೇರಿಸಿದ 89ಎ ಕಲಮಿನ ಪ್ರಕಾರ, ಅಧಿಸೂಚಿತ ದೇಶಗಳಲ್ಲಿ ನಿವೃತ್ತಿಗಾಗಿ ತೆರೆದ ಖಾತೆಯ ಆದಾಯಕ್ಕೆ, ಆ ದೇಶ ಯಾವಾಗ ತೆರಿಗೆ ಹಾಕುತ್ತದೋ ಆಗಲೇ ಭಾರತವೂ ಹಾಕುತ್ತದೆ. 2022ರ ಏಪ್ರಿಲ್‌ನಲ್ಲಿ ಅಮೆರಿಕ, ಬ್ರಿಟನ್ ಮತ್ತು ಕೆನಡಾ ದೇಶಗಳನ್ನು ಅಧಿಸೂಚಿಸಲಾಯಿತು. ಹೊಸ ಕಾಯ್ದೆಯಲ್ಲೂ ಈ ಅವಕಾಶ ಮುಂದುವರಿದಿದೆ. ಹಳೆಯ ಕಾಯ್ದೆಯಡಿ ಇದಕ್ಕಾಗಿ 10-ಇಇ ಎಂಬ ನಮೂನೆಯನ್ನು ರಿಟರ್ನ್ ಸಲ್ಲಿಸುವ ಗಡುವಿನೊಳಗೆ ತುಂಬಬೇಕಿತ್ತು.

ಈ ಆಯ್ಕೆಯಲ್ಲಿ ಎರಡು ಸೂಕ್ಷ್ಮಗಳಿವೆ. ಒಮ್ಮೆ ಆಯ್ದುಕೊಂಡರೆ ಹಿಂದಕ್ಕೆ ಪಡೆಯಲಾಗದು. ಆಮೇಲೆ ಎಂದಾದರೂ ಮತ್ತೆ ಅನಿವಾಸಿಯಾದರೆ ಆ ಆಯ್ಕೆಯನ್ನು ಮಾಡಿಯೇ ಇರಲಿಲ್ಲವೆಂದು ಭಾವಿಸಿ, ಅಷ್ಟು ವರ್ಷ ಸೇರಿದ ಆದಾಯಕ್ಕೆ ಒಟ್ಟಿಗೆ ತೆರಿಗೆ ಹಾಕಲಾಗುತ್ತದೆ. ನಾಲ್ಕೈದು ವರ್ಷ ಇದ್ದು ಮತ್ತೆ ಅಮೆರಿಕಕ್ಕೆ ಹೋಗುವ ಯೋಚನೆಯಿರುವವರು ಇದನ್ನು ತೂಗಿ ನೋಡಬೇಕು. ಇನ್ನೊಂದು, ಕಾನೂನಿನ ಪದಗಳ ಪ್ರಕಾರ ಈ ಸೌಲಭ್ಯ ಇರುವುದು ಹಣ ತೆಗೆಯುವಾಗ ಆ ದೇಶದಲ್ಲಿ ತೆರಿಗೆ ಬೀಳುವ ಖಾತೆಗಳಿಗೆ. ರಾತ್ ಖಾತೆಯಿಂದ ತೆಗೆಯುವಾಗ ಅಮೆರಿಕ ತೆರಿಗೆ ಹಾಕುವುದೇ ಇಲ್ಲ, ಹಾಗಾಗಿ ಅದು ಈ ವಿವರಣೆಯೊಳಗೆ ಸುಲಭವಾಗಿ ಕೂಡುವುದಿಲ್ಲ. ಅಮೆರಿಕದಲ್ಲಿ ಅತ್ಯಂತ ಲಾಭಕರ ಎನಿಸಿಕೊಂಡ ಖಾತೆಯೇ ಭಾರತದ ನಿವಾಸಿಗೆ ಅತ್ಯಂತ ಅನಿಶ್ಚಿತವಾದದ್ದು.

ಮರಳಿದ ಮೊದಲ ವರ್ಷಗಳ ವಿಶೇಷ ಸ್ಥಿತಿ

ಬಹುಕಾಲ ಹೊರಗಿದ್ದು ಬಂದವರನ್ನು ಭಾರತದ ಕಾನೂನು ತಕ್ಷಣ ಪೂರ್ಣ ನಿವಾಸಿ ಎಂದು ಎಣಿಸುವುದಿಲ್ಲ. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದವರು, ಅಥವಾ ಹಿಂದಿನ 7 ವರ್ಷಗಳಲ್ಲಿ ಒಟ್ಟು 729 ದಿನ ಮೀರದಷ್ಟು ಭಾರತದಲ್ಲಿ ಇದ್ದವರು, ನಿವಾಸಿಯಾದರೂ ಸಾಮಾನ್ಯ ನಿವಾಸಿಯಲ್ಲ ಎಂಬ ಸ್ಥಿತಿಯಲ್ಲಿರುತ್ತಾರೆ. ಲೆಕ್ಕಪರಿಶೋಧಕರು ಇದನ್ನು ಆರ್‌ಎನ್‌ಒಆರ್ ಎನ್ನುತ್ತಾರೆ. ಈ ಸ್ಥಿತಿ ಸಾಮಾನ್ಯವಾಗಿ ಎರಡು, ಕೆಲವರಿಗೆ ಮೂರು ವರ್ಷ ಇರುತ್ತದೆ. ಆ ಅವಧಿಯಲ್ಲಿ ಅಮೆರಿಕದಲ್ಲೇ ಹುಟ್ಟಿ ಅಲ್ಲಿಯ ಖಾತೆಗೇ ಜಮೆಯಾದ ಆದಾಯಕ್ಕೆ ಭಾರತದಲ್ಲಿ ತೆರಿಗೆಯಿಲ್ಲ.

401(ಕೆ) ಅಥವಾ ಸಾಮಾನ್ಯ ಐಆರ್‌ಎ ಖಾತೆಯಿಂದ ಸ್ವಲ್ಪ ಹಣ ತೆಗೆಯಬೇಕೆಂದಿದ್ದರೆ, ಅಥವಾ ಅದನ್ನು ರಾತ್ ಖಾತೆಗೆ ವರ್ಗಾಯಿಸಿ ಒಮ್ಮೆಗೇ ತೆರಿಗೆ ತೀರಿಸಬೇಕೆಂದಿದ್ದರೆ, ಇದು ಒಂದೇ ದೇಶದ ತೆರಿಗೆಯಲ್ಲಿ ಮುಗಿಯುವ ಕಾಲ. ಹೇಳಿದ ಹಾಗೆ ರಾತ್ ಖಾತೆಯ ಮುಂದಿನ ಬೆಳವಣಿಗೆಗೆ ಭಾರತದ ತೆರಿಗೆಯ ಪ್ರಶ್ನೆ ಉಳಿದೇ ಇರುತ್ತದೆ, ಆದ್ದರಿಂದ ವರ್ಗಾವಣೆ ಎಲ್ಲರಿಗೂ ಹೊಂದುವುದಿಲ್ಲ. ವಿಮಾನ ಹತ್ತುವ ತಿಂಗಳನ್ನು ಆರಿಸುವಾಗಲೇ ಈ ದಿನಗಳ ಲೆಕ್ಕ ಹಾಕಿದವರಿಗೆ ಒಂದು ಇಡೀ ಹಣಕಾಸು ವರ್ಷ ಹೆಚ್ಚು ಸಿಕ್ಕಬಹುದು.

ಪೂರ್ಣ ನಿವಾಸಿಯಾದ ಮೇಲೆ ಭಾರತದ ರಿಟರ್ನಿನಲ್ಲಿ ವಿದೇಶಿ ಆಸ್ತಿಗಳ ಪಟ್ಟಿ ಕೊಡುವುದು ಕಡ್ಡಾಯ. 401(ಕೆ), ಐಆರ್‌ಎ, ಬ್ಯಾಂಕ್ ಖಾತೆ, ಕಂಪನಿ ಕೊಟ್ಟ ಷೇರು ಎಲ್ಲವೂ ಅದರಲ್ಲಿರಬೇಕು. ಬಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಹಾಕಬಹುದು. ಸ್ಥಿರಾಸ್ತಿಯಲ್ಲದ ವಿದೇಶಿ ಆಸ್ತಿಯ ಒಟ್ಟು ಮೌಲ್ಯ 20 ಲಕ್ಷ ಮೀರದವರಿಗೆ 2024ರ ಅಕ್ಟೋಬರಿನಿಂದ ಈ ದಂಡದಿಂದ ವಿನಾಯಿತಿ ಸಿಕ್ಕಿದೆ. ಅಮೆರಿಕದ ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್, ಭಾರತದ್ದು ಏಪ್ರಿಲಿನಿಂದ ಮಾರ್ಚ್ ಆಗಿರುವುದರಿಂದ ಒಂದೇ ಸಂಬಳದ ಮೂರು ತಿಂಗಳ ಭಾಗವನ್ನು ಅಲ್ಲಿಂದ ಇಲ್ಲಿಗೆ ಹೊಂದಿಸುವ ಕೆಲಸ ಪ್ರತಿ ವರ್ಷವೂ ಇರುತ್ತದೆ.

ಭಾರತದ ಉಳಿತಾಯವನ್ನು ಅಮೆರಿಕ ನೋಡುವ ಬಗೆ

ಬ್ರಿಟನ್ ಮತ್ತು ಕೆನಡಾ ದೇಶಗಳ ಜತೆ ಅಮೆರಿಕ ಮಾಡಿಕೊಂಡ ತೆರಿಗೆ ಒಪ್ಪಂದಗಳಲ್ಲಿ ಆ ದೇಶಗಳ ಪಿಂಚಣಿ ಯೋಜನೆಗಳಿಗೆ ಮಾನ್ಯತೆಯಿದೆ. ಕೆನಡಾದ ಆರ್‌ಆರ್‌ಎಸ್‌ಪಿ ಖಾತೆ ಬೆಳೆಯುತ್ತಿರುವಾಗ ಅಮೆರಿಕ ತೆರಿಗೆ ಕೇಳುವುದಿಲ್ಲ. 1989ರಲ್ಲಿ ಸಹಿಯಾಗಿ 1990ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಭಾರತದೊಂದಿಗಿನ ಒಪ್ಪಂದದಲ್ಲಿ ನಮ್ಮ ಪಿಎಫ್‌ಗೆ ಅಂಥ ರಕ್ಷಣೆ ಇಲ್ಲ.

ಇದರ ಪರಿಣಾಮ ನೇರವಾದದ್ದು. ನೌಕರ ತನ್ನ ಸಂಬಳದಿಂದ ಪಿಎಫ್‌ಗೆ ಕಟ್ಟುವ ಶೇಕಡ 12ರ ಪಾಲನ್ನು ಅಮೆರಿಕ ಕಡಿತವೆಂದು ಒಪ್ಪುವುದಿಲ್ಲ. ಅದು ಸಂಬಳದ ಭಾಗವೇ. ಕಂಪನಿ ಕಟ್ಟುವ ಪಾಲನ್ನೂ ಸಾಮಾನ್ಯವಾಗಿ ಆ ವರ್ಷದ ಆದಾಯಕ್ಕೇ ಸೇರಿಸಲಾಗುತ್ತದೆ. ಖಾತೆಯಲ್ಲಿ ಬೆಳೆಯುವ ಬಡ್ಡಿಯನ್ನು ವರ್ಷವರ್ಷ ತೋರಿಸಬೇಕೇ, ತೆಗೆಯುವಾಗ ತೋರಿಸಬೇಕೇ ಎಂಬುದರಲ್ಲಿ ಅಮೆರಿಕದ ತೆರಿಗೆ ಸಲಹೆಗಾರರಲ್ಲೇ ಒಮ್ಮತವಿಲ್ಲ. ಯಾವ ಕ್ರಮ ಹಿಡಿದರೂ ಅದನ್ನು ಪ್ರತಿ ವರ್ಷ ಒಂದೇ ರೀತಿಯಲ್ಲಿ ಪಾಲಿಸಿ, ದಾಖಲೆ ಇಟ್ಟುಕೊಳ್ಳಬೇಕು, ಏಕೆಂದರೆ ಈಗ ತೆರಿಗೆ ಕಟ್ಟಿದ ಮೊತ್ತಕ್ಕೆ ಮುಂದೆ ಮತ್ತೆ ಕಟ್ಟಬೇಕಾಗಿಲ್ಲವೆಂದು ತೋರಿಸಲು ಆ ದಾಖಲೆಯೇ ಆಧಾರ.

ಗ್ರೀನ್ ಕಾರ್ಡ್ ಇರುವ ಭಾರತೀಯರು ಹಿಂದೆಯೇ ತೆರೆದಿದ್ದ ಪಿಪಿಎಫ್ ಖಾತೆಯ ಬಡ್ಡಿಗೂ, ಭಾರತದಲ್ಲಿ 20 ಲಕ್ಷದವರೆಗೆ ತೆರಿಗೆಯಿಲ್ಲದೆ ಸಿಗುವ ಗ್ರಾಚ್ಯುಟಿಗೂ ಅಮೆರಿಕದಲ್ಲಿ ತೆರಿಗೆಯಿದೆ. ಭಾರತದಲ್ಲಿ ತೆರಿಗೆಯೇ ಕಟ್ಟದಿರುವುದರಿಂದ ಆ ಹಣದ ಹೆಸರಿನಲ್ಲಿ ಕಳೆಯಲು ಜಮೆಯೂ ಇರುವುದಿಲ್ಲ.

ಒಸಿಐ ಕಾರ್ಡ್ ಹಿಡಿದು ಬರುವವರಿಗೆ ಪಿಎಫ್‌ನಲ್ಲಿ ಇನ್ನೊಂದು ಸಂಗತಿಯಿದೆ. ವಿದೇಶಿ ಪಾಸ್‌ಪೋರ್ಟ್ ಇರುವ ನೌಕರರನ್ನು 2008ರ ನಿಯಮಗಳು ಅಂತರರಾಷ್ಟ್ರೀಯ ಕೆಲಸಗಾರರು ಎಂದು ಕರೆಯುತ್ತವೆ. ಭಾರತೀಯ ನೌಕರರಿಗಿರುವ 15,000 ರೂಪಾಯಿಯ ವೇತನ ಮಿತಿ ಅವರಿಗಿಲ್ಲ. ಪೂರ್ತಿ ವೇತನದ ಮೇಲೆ ಪಿಎಫ್ ಕಟ್ಟಬೇಕು, ಮತ್ತು ಸಾಮಾನ್ಯವಾಗಿ 58 ವರ್ಷದವರೆಗೆ ತೆಗೆಯುವಂತಿಲ್ಲ. ಬೆಂಗಳೂರಿನ ಸ್ಟೋನ್‌ಹಿಲ್ ಶಿಕ್ಷಣ ಪ್ರತಿಷ್ಠಾನದ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ 2024ರ ಏಪ್ರಿಲ್‌ನಲ್ಲಿ ಈ ತಾರತಮ್ಯ ಸಂವಿಧಾನಕ್ಕೆ ವಿರುದ್ಧವೆಂದು ಹೇಳಿ ಆ ನಿಯಮವನ್ನು ರದ್ದುಪಡಿಸಿತು. ದೆಹಲಿ ಹೈಕೋರ್ಟ್ 2025ರಲ್ಲಿ ಇದಕ್ಕೆ ವ್ಯತಿರಿಕ್ತವಾಗಿ ನಿಯಮವನ್ನು ಎತ್ತಿಹಿಡಿಯಿತು. ಹೀಗಾಗಿ ಕಂಪನಿಯ ಸಂಬಳ ವಿಭಾಗದವರು ಯಾವ ನಿಲುವು ತಳೆದಿದ್ದಾರೆ ಎಂಬುದನ್ನು ಕೆಲಸ ಒಪ್ಪಿಕೊಳ್ಳುವ ಮೊದಲೇ ಕೇಳಿ ತಿಳಿಯಬೇಕು.

ಮ್ಯೂಚುವಲ್ ಫಂಡ್ ಎಂಬ ದೊಡ್ಡ ಅಪಾಯ

ಮರಳಿ ಬಂದವರಿಗೆ ಬ್ಯಾಂಕಿನವರು, ಸ್ನೇಹಿತರು, ಬಂಧುಗಳು ಎಲ್ಲರೂ ಹೇಳುವ ಮೊದಲ ಸಲಹೆ ಎಸ್‌ಐಪಿ (ಮ್ಯೂಚುವಲ್ ಫಂಡಿಗೆ ಕಂತಿನಲ್ಲಿ ಹಣ ಹಾಕುವುದು) ಶುರು ಮಾಡಿ ಎಂಬುದು. ಭಾರತೀಯ ನಿವಾಸಿಗೆ ಒಳ್ಳೆಯದೇ ಆದ ಈ ಸಲಹೆ ಅಮೆರಿಕನ್ ಪ್ರಜೆಗೆ ಭಾರಿ ತೆರಿಗೆ ತರಬಲ್ಲದು. ಅಮೆರಿಕದ 1986ರ ತೆರಿಗೆ ಸುಧಾರಣಾ ಕಾಯ್ದೆ, ವಿದೇಶದಲ್ಲಿ ಸ್ಥಾಪಿತವಾಗಿ ಮುಖ್ಯವಾಗಿ ಹೂಡಿಕೆಯಿಂದಲೇ ಆದಾಯ ಪಡೆಯುವ ಸಂಸ್ಥೆಗಳನ್ನು ಪಿಎಫ್‌ಐಸಿ ಎಂಬ ಪ್ರತ್ಯೇಕ ವರ್ಗಕ್ಕೆ ಸೇರಿಸಿತು. ಆದಾಯದ ಶೇಕಡ 75ರಷ್ಟು ಬಡ್ಡಿ, ಲಾಭಾಂಶ, ಹೂಡಿಕೆ ಲಾಭಗಳಿಂದ ಬಂದರೆ, ಅಥವಾ ಆಸ್ತಿಯ ಅರ್ಧದಷ್ಟು ಅಂಥ ಹೂಡಿಕೆಯೇ ಆಗಿದ್ದರೆ ಆ ಸಂಸ್ಥೆ ಈ ವರ್ಗಕ್ಕೆ ಸೇರುತ್ತದೆ. ಭಾರತದ ಮ್ಯೂಚುವಲ್ ಫಂಡ್‌ಗಳು, ಇಲ್ಲಿ ನೋಂದಾಯಿತವಾಗಿ ಷೇರುಪೇಟೆಯಲ್ಲಿ ಮಾರಾಟವಾಗುವ ಇಟಿಎಫ್ ನಿಧಿಗಳು ಇದರೊಳಗೆ ಬರುತ್ತವೆ ಎಂದೇ ತೆರಿಗೆ ಸಲಹೆಗಾರರು ನಡೆದುಕೊಳ್ಳುತ್ತಾರೆ.

ತೆರಿಗೆ ಹೇಗೆ ಬೀಳುತ್ತದೆ ಎಂದು ನೋಡೋಣ. ಹತ್ತು ವರ್ಷ ಇಟ್ಟುಕೊಂಡ ಯೂನಿಟ್‌ಗಳನ್ನು ಮಾರಿದಾಗ ಬಂದ ಲಾಭವನ್ನು ಆ ಹತ್ತೂ ವರ್ಷಗಳ ದಿನಗಳಿಗೆ ಸಮನಾಗಿ ಹಂಚಲಾಗುತ್ತದೆ. ಹಿಂದಿನ ಪ್ರತಿ ವರ್ಷದ ಪಾಲಿಗೆ, ನಿಮ್ಮ ಆದಾಯ ಎಷ್ಟೇ ಕಡಿಮೆಯಿದ್ದರೂ, ಆ ವರ್ಷದ ಅತಿ ಹೆಚ್ಚಿನ ದರದಲ್ಲಿ ತೆರಿಗೆ ಹಾಕಲಾಗುತ್ತದೆ. ಈಗ ಆ ದರ ಶೇಕಡ 37. ಅಷ್ಟೇ ಅಲ್ಲ, ಆ ತೆರಿಗೆಯನ್ನು ಆಯಾ ವರ್ಷವೇ ಕಟ್ಟದೆ ಬಾಕಿ ಉಳಿಸಿಕೊಂಡಿದ್ದಿರಿ ಎಂಬಂತೆ ಬಡ್ಡಿಯನ್ನೂ ಸೇರಿಸಲಾಗುತ್ತದೆ. ದೀರ್ಘಕಾಲ ಇಟ್ಟುಕೊಂಡಷ್ಟೂ ಬಡ್ಡಿಯ ಭಾರ ಹೆಚ್ಚು. ಪ್ರತಿ ಫಂಡಿಗೂ 8621 ಎಂಬ ಪ್ರತ್ಯೇಕ ನಮೂನೆ ತುಂಬಬೇಕು. ವರ್ಷದ ಕೊನೆಯಲ್ಲಿ ಇಂಥ ಹೂಡಿಕೆಗಳ ಒಟ್ಟು ಮೌಲ್ಯ 25,000 ಡಾಲರ್ ಮೀರದಿದ್ದು, ಮಾರಾಟವೋ ದೊಡ್ಡ ವಿತರಣೆಯೋ ಆಗಿಲ್ಲದಿದ್ದರೆ ನಮೂನೆಯಿಂದ ವಿನಾಯಿತಿ ಇದೆ. ಪ್ರತಿ ವರ್ಷದ ಕೊನೆಯ ಬೆಲೆಯ ಆಧಾರದಲ್ಲಿ, ಮಾರದಿದ್ದರೂ ಲಾಭಕ್ಕೆ ತೆರಿಗೆ ಕಟ್ಟುತ್ತ ಹೋಗುವ ಇನ್ನೊಂದು ಕ್ರಮವನ್ನು ಆರಂಭದಲ್ಲೇ ಆರಿಸಿಕೊಂಡರೆ ಹಿಂದಿನ ವರ್ಷಗಳ ಬಡ್ಡಿಯ ಹೊರೆ ತಪ್ಪುತ್ತದೆ.

ನಿಜವಾದ ವ್ಯವಹಾರ ನಡೆಸುವ ಕಂಪನಿಗಳ ಷೇರುಗಳನ್ನು ನೇರವಾಗಿ ಕೊಂಡರೆ ಸಾಮಾನ್ಯವಾಗಿ ಈ ನಿಯಮ ತಾಗುವುದಿಲ್ಲ. ಬ್ಯಾಂಕ್ ಠೇವಣಿಗೂ ತಾಗದು, ಬಡ್ಡಿಗೆ ಸಾಮಾನ್ಯ ತೆರಿಗೆ ಇರುತ್ತದೆ ಅಷ್ಟೇ. ಅಮೆರಿಕದಲ್ಲಿ ನೋಂದಾಯಿತವಾದ ಸೂಚ್ಯಂಕ ನಿಧಿಗಳನ್ನೇ ಇಟ್ಟುಕೊಳ್ಳುವುದು ಅನೇಕರು ಹಿಡಿಯುವ ದಾರಿ. ಆದರೆ ಭಾರತದ ವಿಳಾಸ ಕೊಟ್ಟ ಕೂಡಲೇ ಹೊಸ ಖರೀದಿಯನ್ನು ನಿಲ್ಲಿಸುವ ದಲ್ಲಾಳಿ ಸಂಸ್ಥೆಗಳು ಅಲ್ಲಿ ಬೇಕಾದಷ್ಟಿವೆ. ಹೊರಡುವ ಮೊದಲೇ ಅವುಗಳ ನಿಯಮ ಕೇಳಿಕೊಳ್ಳುವುದು ಲೇಸು.

ಖಾತೆಗಳ ವರದಿ: ತೆರಿಗೆಯಿಲ್ಲದಿದ್ದರೂ ದಂಡ

ಅಮೆರಿಕದ ಹೊರಗಿರುವ ಎಲ್ಲ ಹಣಕಾಸು ಖಾತೆಗಳ ಒಟ್ಟು ಮೊತ್ತ ವರ್ಷದ ಯಾವುದೇ ಒಂದು ದಿನ 10,000 ಡಾಲರ್ ಮೀರಿದರೆ ಎಫ್‌ಬಾರ್ ಎಂಬ ವರದಿ ಸಲ್ಲಿಸಬೇಕು. ಇದು 1970ರ ಬ್ಯಾಂಕ್ ಗೋಪ್ಯತಾ ಕಾಯ್ದೆಯಡಿ ಬರುತ್ತದೆ, ತೆರಿಗೆ ರಿಟರ್ನಿಗಿಂತ ಪ್ರತ್ಯೇಕ. ಉಳಿತಾಯ ಖಾತೆ, ಠೇವಣಿ, ಡಿಮ್ಯಾಟ್ ಖಾತೆ, ಸರೆಂಡರ್ ಮೌಲ್ಯವಿರುವ ಎಲ್‌ಐಸಿ ಪಾಲಿಸಿ ಎಲ್ಲವೂ ಎಣಿಕೆಗೆ ಬರುತ್ತವೆ. ನಮ್ಮ ಕುಟುಂಬಗಳಲ್ಲಿ ತಪ್ಪಿಹೋಗುವುದು ಹೆಚ್ಚಾಗಿ ಅಪ್ಪನ ಠೇವಣಿ: ಅನುಕೂಲಕ್ಕೆಂದು ಮಗಳ ಹೆಸರನ್ನು ಜಂಟಿಯಾಗಿ ಸೇರಿಸಿರುತ್ತಾರೆ, ಹಣ ಪೂರ್ತಿ ಅಪ್ಪನದೇ ಆದರೂ ಸಹಿ ಹಾಕುವ ಅಧಿಕಾರ ಇರುವುದರಿಂದ ಅಮೆರಿಕನ್ ಪ್ರಜೆಯಾದ ಮಗಳು ಅದನ್ನೂ ತೋರಿಸಬೇಕು.

ಬಿಟ್ನರ್ ಎಂಬ ರೊಮೇನಿಯಾ ಮೂಲದ ಅಮೆರಿಕನ್ ಪ್ರಜೆಯ ಪ್ರಕರಣದಲ್ಲಿ, ಐದು ವರ್ಷಗಳ 272 ಖಾತೆಗಳಿಗೆ ಒಂದೊಂದಕ್ಕೆ 10,000 ಡಾಲರಿನಂತೆ ಸರ್ಕಾರ 27.2 ಲಕ್ಷ ಡಾಲರ್ ದಂಡ ಹಾಕಿತ್ತು. ಉದ್ದೇಶಪೂರ್ವಕವಲ್ಲದ ತಪ್ಪಿಗೆ ದಂಡ ಹಾಕಬೇಕಾದದ್ದು ಖಾತೆಗೊಂದರಂತಲ್ಲ, ವರ್ಷದ ವರದಿಗೊಂದರಂತೆ ಎಂದು 2023ರ ಫೆಬ್ರವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದರಿಂದ ಆ ಮೊತ್ತ 50,000 ಡಾಲರಿಗೆ ಇಳಿಯಿತು.

ಇದಲ್ಲದೆ 2010ರ ಫ್ಯಾಟ್ಕಾ ಕಾನೂನಿನಡಿ, ವಿದೇಶಿ ಹಣಕಾಸು ಆಸ್ತಿಯನ್ನು ತೋರಿಸುವ 8938 ಎಂಬ ನಮೂನೆಯಿದೆ. ಹೊರದೇಶದಲ್ಲಿ ವಾಸಿಸುವ ಒಂಟಿ ವ್ಯಕ್ತಿಗೆ ಅಂಥ ಆಸ್ತಿ ವರ್ಷದ ಕೊನೆಯ ದಿನ 2 ಲಕ್ಷ ಡಾಲರ್ ಅಥವಾ ವರ್ಷದ ನಡುವೆ ಎಂದಾದರೂ 3 ಲಕ್ಷ ಡಾಲರ್ ಮೀರಿದರೆ ಅದು ಬೇಕು. ಒಟ್ಟಿಗೆ ರಿಟರ್ನ್ ಸಲ್ಲಿಸುವ ದಂಪತಿಗೆ ಈ ಮಿತಿಗಳು ಎರಡರಷ್ಟು. 2015ರಲ್ಲಿ ಭಾರತ ಮತ್ತು ಅಮೆರಿಕ ಮಾಡಿಕೊಂಡ ಒಪ್ಪಂದದ ಪ್ರಕಾರ ನಮ್ಮ ಬ್ಯಾಂಕುಗಳು ಅಮೆರಿಕನ್ ಗ್ರಾಹಕರ ಖಾತೆಗಳ ವಿವರವನ್ನು ನಮ್ಮ ಸರ್ಕಾರದ ಮೂಲಕ ಅಲ್ಲಿಗೆ ಕಳಿಸುತ್ತವೆ. ಖಾತೆ ತೆರೆಯುವಾಗ ಬ್ಯಾಂಕು ಕೇಳುವ ಫ್ಯಾಟ್ಕಾ ಘೋಷಣೆ ಇದಕ್ಕಾಗಿಯೇ.

ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್

ಅಮೆರಿಕದಲ್ಲಿ 40 ಕ್ರೆಡಿಟ್, ಅಂದರೆ ಸುಮಾರು 10 ವರ್ಷದ ದುಡಿಮೆ ಇದ್ದವರಿಗೆ ಸರ್ಕಾರದ ಪಿಂಚಣಿ ಸಿಗುತ್ತದೆ. ಅಮೆರಿಕನ್ ಪ್ರಜೆಗಳು ಭಾರತದಲ್ಲಿದ್ದುಕೊಂಡೇ ಅದನ್ನು ಪಡೆಯಬಹುದು. ತೆರಿಗೆ ಒಪ್ಪಂದದ 20ನೆಯ ವಿಧಿಯ ಪ್ರಕಾರ ಈ ಪಿಂಚಣಿಗೆ ತೆರಿಗೆ ಹಾಕುವ ಹಕ್ಕು ಅಮೆರಿಕಕ್ಕೆ ಮಾತ್ರ. ಎರಡು ದೇಶಗಳ ದುಡಿಮೆಯ ವರ್ಷಗಳನ್ನು ಕೂಡಿಸಿ ಅರ್ಹತೆ ಕೊಡುವ ಒಪ್ಪಂದ ಭಾರತ ಮತ್ತು ಅಮೆರಿಕದ ನಡುವೆ ಇಲ್ಲ. ಎಂಟು ವರ್ಷ ದುಡಿದು ಬಂದವರು ಭಾರತದ ಪಿಎಫ್ ವರ್ಷಗಳನ್ನು ತೋರಿಸಿ ಆ ಕೊರತೆ ತುಂಬಿಕೊಳ್ಳಲಾಗದು. ಇದೇ ಕಾರಣಕ್ಕೆ, ಬೆಂಗಳೂರಿನಲ್ಲಿ ಸ್ವಂತ ವೃತ್ತಿ ಮಾಡುವ ಅಮೆರಿಕನ್ ಪ್ರಜೆ ಸೋಷಿಯಲ್ ಸೆಕ್ಯುರಿಟಿ ಮತ್ತು ಮೆಡಿಕೇರ್‌ಗಾಗಿ ಇರುವ ಶೇಕಡ 15.3ರ ಸ್ವಯಂ ಉದ್ಯೋಗ ತೆರಿಗೆಯನ್ನು ಅಮೆರಿಕಕ್ಕೆ ಕಟ್ಟಬೇಕು. ಸಂಬಳದ ವಿನಾಯಿತಿಯೂ ಭಾರತದ ತೆರಿಗೆ ಜಮೆಯೂ ಇದಕ್ಕೆ ಒದಗುವುದಿಲ್ಲ.

ಬೇರೆ ದೇಶದ ಪಿಂಚಣಿ ಇರುವವರ ಸೋಷಿಯಲ್ ಸೆಕ್ಯುರಿಟಿ ಮೊತ್ತವನ್ನು ತಗ್ಗಿಸುತ್ತಿದ್ದ ನಿಯಮವನ್ನು 2025ರ ಜನವರಿ 5ರಂದು ಸಹಿಯಾದ ಕಾಯ್ದೆ ತೆಗೆದುಹಾಕಿತು. 2024ರ ಜನವರಿಯ ಪಿಂಚಣಿಯಿಂದಲೇ ಇದು ಅನ್ವಯ.

ಹಿರಿಯರಿಗಾಗಿ ಅಮೆರಿಕ ಸರ್ಕಾರ ನಡೆಸುವ ಆರೋಗ್ಯ ವಿಮೆಯಾದ ಮೆಡಿಕೇರ್ ಮಾತ್ರ, ಕೆಲವೇ ಅಪವಾದಗಳನ್ನು ಬಿಟ್ಟರೆ, ಅಮೆರಿಕದ ಹೊರಗಿನ ಆಸ್ಪತ್ರೆ ಖರ್ಚನ್ನು ಕೊಡುವುದಿಲ್ಲ. ಭಾರತದಲ್ಲಿರುವಷ್ಟು ಕಾಲ ವೈದ್ಯರ ಖರ್ಚು ನೋಡಿಕೊಳ್ಳುವ ಅದರ ಬಿ ಭಾಗದ ತಿಂಗಳ ಕಂತು ಕಟ್ಟದೆ, ಮುಂದೆ ಮಕ್ಕಳಿರುವಲ್ಲಿಗೆ ಮರಳಿದಾಗ ಸೇರಲು ಹೊರಟರೆ, ತಡವಾದ ಪ್ರತಿ 12 ತಿಂಗಳಿಗೆ ಕಂತು ಶೇಕಡ 10ರಂತೆ ಶಾಶ್ವತವಾಗಿ ಏರುತ್ತದೆ.

ಪೌರತ್ವ ಅಥವಾ ಗ್ರೀನ್ ಕಾರ್ಡ್ ಬಿಟ್ಟುಕೊಟ್ಟರೆ

ಕೆಲವರು ಇಷ್ಟೆಲ್ಲ ಕಾಗದಪತ್ರಗಳಿಗಿಂತ ಕಾರ್ಡನ್ನೇ ಮರಳಿಸುವುದು ಸುಲಭವೆಂದು ಯೋಚಿಸುತ್ತಾರೆ. ಹಿಂದಿನ 15 ವರ್ಷಗಳಲ್ಲಿ 8 ವರ್ಷ ಗ್ರೀನ್ ಕಾರ್ಡ್ ಹೊಂದಿದ್ದವರಿಗೆ ಪೌರತ್ವ ಬಿಡುವವರಿಗಿರುವ ನಿಯಮಗಳೇ ಅನ್ವಯಿಸುತ್ತವೆ. ನಿವ್ವಳ ಆಸ್ತಿ 20 ಲಕ್ಷ ಡಾಲರ್ ತಲುಪಿದ್ದರೆ, ಅಥವಾ ಹಿಂದಿನ ಐದು ವರ್ಷದ ಸರಾಸರಿ ತೆರಿಗೆ ನಿಗದಿತ ಮಿತಿ ದಾಟಿದ್ದರೆ, ಅಥವಾ ಆ ಐದು ವರ್ಷ ನಿಯಮಗಳನ್ನೆಲ್ಲ ಪಾಲಿಸಿದ್ದೇನೆಂದು ಪ್ರಮಾಣೀಕರಿಸಲಾಗದಿದ್ದರೆ, ನಿರ್ಗಮನ ತೆರಿಗೆ ಬೀಳುತ್ತದೆ. ಹೊರಡುವ ಹಿಂದಿನ ದಿನ ಎಲ್ಲ ಆಸ್ತಿಯನ್ನೂ ಮಾರಿದಿರಿ ಎಂದು ಭಾವಿಸಿ ಲಾಭವನ್ನು ಲೆಕ್ಕ ಹಾಕಲಾಗುತ್ತದೆ. ಐಆರ್‌ಎ ಹಣವನ್ನು ಪೂರ್ತಿ ತೆಗೆದಿರಿ ಎಂದು ಎಣಿಸಲಾಗುತ್ತದೆ; ಅಮೆರಿಕದ 401(ಕೆ) ಖಾತೆಯ ಹಣವನ್ನು ಮುಂದೆ ತೆಗೆಯುವಾಗಲೆಲ್ಲ ಶೇಕಡ 30 ಮುರಿದುಕೊಳ್ಳಲಾಗುತ್ತದೆ. ಗ್ರೀನ್ ಕಾರ್ಡ್ ಪಡೆದು ಏಳನೆಯ ವರ್ಷದಲ್ಲಿರುವವರು ಮರಳುವ ಯೋಚನೆ ಮಾಡುತ್ತಿದ್ದರೆ ಈ ಎಂಟರ ಗಡಿಯನ್ನು ಮೊದಲು ನೋಡಬೇಕು. ವರ್ಷದಲ್ಲಿ ಒಂದು ದಿನ ಕಾರ್ಡ್ ಇದ್ದರೂ ಆ ವರ್ಷ ಎಣಿಕೆಗೆ ಸೇರುತ್ತದೆ.

ಇಷ್ಟು ವರ್ಷ ಏನನ್ನೂ ಸಲ್ಲಿಸದಿದ್ದವರು

ತೆರಿಗೆ ಸಂಬಳದಿಂದಲೇ ಕಡಿತವಾಗುತ್ತಿದೆ, ಅಮೆರಿಕಕ್ಕೆ ಇನ್ನೇನು ಬಾಕಿ ಎಂದು ನಂಬಿ ವರ್ಷಗಟ್ಟಲೆ ರಿಟರ್ನ್ ಸಲ್ಲಿಸದವರು ಬೆಂಗಳೂರಿನಲ್ಲಿ ಮಾತ್ರವಲ್ಲ, ಎಲ್ಲ ದೇಶಗಳಲ್ಲೂ ಇದ್ದಾರೆ. ಇಂಥವರಿಗಾಗಿ ಐಆರ್‌ಎಸ್ 2012ರಲ್ಲಿ ಆರಂಭಿಸಿ 2014ರಲ್ಲಿ ವಿಸ್ತರಿಸಿದ ಸರಳ ಕ್ರಮವೊಂದಿದೆ. ಹಿಂದಿನ ಮೂರು ವರ್ಷಗಳ ರಿಟರ್ನ್, ಆರು ವರ್ಷಗಳ ಎಫ್‌ಬಾರ್, ಮತ್ತು ತಪ್ಪು ಉದ್ದೇಶಪೂರ್ವಕವಲ್ಲವೆಂದು ವಿವರಿಸುವ ಹೇಳಿಕೆ ಸಲ್ಲಿಸಿ, ಬಾಕಿ ತೆರಿಗೆ ಮತ್ತು ಬಡ್ಡಿ ಕಟ್ಟಿದರೆ ಹೊರದೇಶದಲ್ಲಿ ನೆಲೆಸಿದವರಿಗೆ ದಂಡವಿಲ್ಲ. ಭಾರತದಲ್ಲಿ ಹೆಚ್ಚು ತೆರಿಗೆ ಕಟ್ಟಿರುವ ಸಂಬಳದಾರರಿಗೆ ಸಂಬಳದ ಮೇಲಿನ ಬಾಕಿಯೇ ಬಾರದಿರಬಹುದು. ಮ್ಯೂಚುವಲ್ ಫಂಡ್ ಇದ್ದರೆ ಲೆಕ್ಕ ಬೇರೆಯಾಗುತ್ತದೆ. ಈ ಕ್ರಮ ಲಭ್ಯವಿರುವುದು ಐಆರ್‌ಎಸ್ ತನಿಖೆ ಶುರು ಮಾಡುವ ಮೊದಲು ತಾವಾಗಿಯೇ ಮುಂದೆ ಬಂದವರಿಗೆ ಮಾತ್ರ.